ಮೊದಲ ಬೆಂಚು

ಸ್ವೆಟರು ತೊಡುವುದೋ ಬಿಡುವುದೋ ಎಂದು ಶಾಕಿರ್ ಯೋಚಿಸುತ್ತಿರುವಾಗಲೇ ಉಳಿದವರೆಲ್ಲ ತೊಟ್ಟು ಮುಗಿಸಿದ್ದರು. ದಾಳಿಂಬೆ ಬಣ್ಣದ ಸ್ವೆಟರು. ಎದೆಯ ಮೇಲೆ ಹಳದಿ ನೂಲಿನ ದೀಪಸ್ತಂಭ. ಹೈಸ್ಕೂಲಿನ ಹುಡುಗರ ಅಳತೆಗೆ ಮಾಡಿಸಿದ್ದು, ಹೊಟ್ಟೆ ಬಂದ ಗಂಡಸರ ಮೈಮೇಲೆ ಹೊಕ್ಕುಳವರೆಗೆ ಇಳಿದು ಅಲ್ಲೇ ನಿಂತುಬಿಟ್ಟಿತ್ತು. ಪ್ರಾಂಶುಪಾಲೆ ಮಿಸ್ ಇಂಗಿ ಆಗಲೇ ಎಲ್ಲವನ್ನೂ ಹೇಳಿ ಹೋಗಿದ್ದಳು, ಅದೂ ಇದರಲ್ಲಿ ಹೇಳುವಂಥದ್ದೇನೂ ಇಲ್ಲವೆಂಬ ದನಿಯಲ್ಲಿ. ಭೌತಶಾಸ್ತ್ರದ ಮೇಷ್ಟರ ಕೆಲಸ ಇರುವುದು ಒಂದೇ. ಪ್ರತಿಯೊಬ್ಬರೂ ಬೆಳಕಿನ ವಕ್ರೀಭವನದ ಮೇಲೆ ಪಾಠ ಮಾಡಿ ತೋರಿಸಬೇಕು. ಕೊನೆಯ ವರ್ಷದ ಮಕ್ಕಳು ಎಲ್ಲ ಶಾಲೆಗಳಲ್ಲಿಯ ಹಾಗೆ ಇಲ್ಲಿಯೂ ಶಾಲೆಗೆ ಬರುವುದಿಲ್ಲ, ಟ್ಯೂಷನ್ ಸೆಂಟರುಗಳಲ್ಲಿ ಇರುತ್ತಾರೆ; ಆದ್ದರಿಂದ ಒಬ್ಬರು ಪಾಠ ಮಾಡುವಾಗ ಉಳಿದ ಅಭ್ಯರ್ಥಿಗಳು ಮಕ್ಕಳಾಗಿ ಕೂರಬೇಕು. ಫೋಟೋ ತೆಗೆಯುತ್ತಾರೆ, ಆದ್ದರಿಂದ ಸ್ವೆಟರು. ಕೈರೋದಲ್ಲಿ ಇದಕ್ಕೆಲ್ಲ ಯಾರೂ ಹುಬ್ಬೇರಿಸುವುದಿಲ್ಲ. ಶಾಕಿರ್ ಕೂಡ ಏರಿಸಲಿಲ್ಲ. ಅವನನ್ನು ಕಾಡಿದ್ದು ಬೇರೆ: ಸ್ವೆಟರಿಗೆಂದು ಕೋಟು ಬಿಚ್ಚಿದರೆ ಅಂಗಿಯ ಬೆನ್ನಿನಲ್ಲಿ ಹೆಂಡತಿ ನಗ್ಲಾ ಹಾಕಿದ ಹೊಲಿಗೆ ಕಾಣುತ್ತದೆ. ಗೋಡೆಗೆ ಬೆನ್ನು ಹಚ್ಚಿ ನಿಂತು, ಕಳ್ಳನ ಹಾಗೆ ಕೋಟು ಬಿಚ್ಚಿ, ತೋಳು ತೂರಿಸಿದ.

ಗಂಟೆ ಬಾರಿಸಿದ್ದೇ ತಡ, ತಾನು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವನು ಎಲ್ಲರನ್ನೂ ಮೊಣಕೈಯಿಂದ ಸರಿಸಿ ತರಗತಿಯೊಳಗೆ ನುಗ್ಗಿ ಮೊದಲ ಬೆಂಚಿನ ಮೇಲೆ ಚೀಲ ಎಸೆದಿದ್ದ. ಹತ್ತು ಹನ್ನೆರಡು ಮಂದಿ ಮೇಷ್ಟರು ಬಾಗಿಲಲ್ಲೇ ನಿಂತು ಅವನನ್ನು ನೋಡಿದರು. ಯಾರಿಗೂ ಆ ಬೆಂಚು ಬೇಕಿರಲಿಲ್ಲ. ಎಲ್ಲರಿಗೂ ಬೇಕಿದ್ದದ್ದು ಹಿಂದಿನದು, ಪಾಠ ಕೇಳುವ ನೆಪದಲ್ಲಿ ತಮ್ಮ ಪಾಠವನ್ನು ಮನಸ್ಸಿನಲ್ಲೇ ಓದಿಕೊಳ್ಳಲು. ಶಾಕಿರ್ ಪೆಚ್ಚಾಗಿ ಕೂತ. ಚೀಲದೊಳಗೆ ಟವೆಲ್ಲಿನಲ್ಲಿ ಸುತ್ತಿ ಮನೆಯಿಂದ ತಂದ ಗಾಜಿನ ಲೋಟ ಒಡೆದಿಲ್ಲವೆಂದು ಮುಟ್ಟಿ ನೋಡಿಕೊಂಡ. ನುಗ್ಗಬೇಕಾದಲ್ಲಿ ನುಗ್ಗದೆ ಇಲ್ಲಿ ನುಗ್ಗಿದ್ದನ್ನು ನಗ್ಲಾ ನೋಡಿದ್ದರೆ ಏನನ್ನುತ್ತಿದ್ದಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಶಾಲೆ ಶುರುವಾದ ದಿನ, ಅವರ ಬಡಾವಣೆ ಶುಬ್ರಾದ ಸರ್ಕಾರಿ ಶಾಲೆಯ ಗೇಟಿನ ಮುಂದೆ, ಸೂರ್ಯ ಹುಟ್ಟುವ ಮೊದಲೇ ಜಾತ್ರೆ ಸೇರಿತ್ತು. ಎಲ್ಲ ಅಪ್ಪ ಅಮ್ಮಂದಿರಿಗೂ ತಮ್ಮ ಮಗುವಿಗೆ ಮೊದಲ ಬೆಂಚೇ ಬೇಕು. ಗೇಟು ತೆಗೆಯುವವರೆಗೆ ಕಾಯುವವರ ಮಕ್ಕಳು ವರ್ಷಪೂರ್ತಿ ಕಿಟಕಿ ಕಟ್ಟೆಯ ಮೇಲೆ ಕೂರುತ್ತವೆ. ಆದ್ದರಿಂದ ಎಲ್ಲರೂ ಗೋಡೆ ಹತ್ತುತ್ತಾರೆ. ಕೆಳಮನೆಯ ಕಸಾಯಿಯವನು ಹೆಂಡತಿಗೆ ಹೆಗಲು ಕೊಟ್ಟು ಎತ್ತಿದ. ಅವಳು ಉದ್ದ ಗೌನು ಮುದ್ದೆಮಾಡಿ ಹಲ್ಲಿನಲ್ಲಿ ಕಚ್ಚಿಕೊಂಡು ಆಚೆ ಹಾರಿದಳು. ಹತ್ತು, ಶಾಕಿರ್, ಎಂದಳು ನಗ್ಲಾ. ಅವನು ಮಗಳು ಲೋಜಿಯ ಕೈ ಹಿಡಿದು ನಿಂತಿದ್ದ. ನಾನು ಮೇಷ್ಟ್ರು ಕಣೇ, ಮೇಷ್ಟ್ರು ಶಾಲೆಯ ಗೋಡೆ ಹತ್ತೋದಾ, ಎಂದ.

"ಮೇಷ್ಟ್ರಾಗಿದ್ದಿದ್ರೆ ಒಳಗಿಂದ ಬಾಗಿಲು ತೆಗೀತಿದ್ದೆ," ಎಂದಿದ್ದಳು ನಗ್ಲಾ.

ವರ್ಷಗಟ್ಟಲೆ ಅವನು ಪಾಠಕ್ಕೆ ಇಷ್ಟು ದುಡ್ಡು ಎಂದು ಎಣಿಸಿ ಕೊಡುವ ಶಾಲೆಗಳಲ್ಲಿ ಅವರಿವರ ರಜೆಗೆ ಬದಲಿಯಾಗಿ ನಿಂತವನು. ಯಾವ ಶಾಲೆಯ ಹಾಜರಿಯಲ್ಲೂ ಅವನ ಹೆಸರಿಲ್ಲ. ಲೋಜಿಗೆ ಹಿಂದಿನ ಸಾಲು ಸಿಕ್ಕಿತು, ಎತ್ತರದ ಹುಡುಗಿಯೊಬ್ಬಳ ಬೆನ್ನ ಹಿಂದೆ. ನಿಮ್ಮ ಟೀಚರಿನ ಚಿತ್ರ ಬರೆ ಎಂದು ಒಂದು ದಿನ ಅವನು ಕಾಗದ ಕೊಟ್ಟರೆ ಮಗು ಬಹಳ ಹೊತ್ತು ಕೂತು, ನಾಲಿಗೆ ಹೊರಚಾಚಿ, ಒಂದು ಜಡೆ ಬರೆಯಿತು. ಜಡೆ, ರಿಬ್ಬನ್ನು, ಅಷ್ಟೇ. ಟೀಚರ್ ಎಲ್ಲಿ ಎಂದರೆ, ಇದರಾಚೆ ಇದಾರೆ ಬಾಬಾ, ಎಂದಿತು. ಈ ದೀಪಸ್ತಂಭದ ಶಾಲೆಯಲ್ಲಿ ಕೆಲಸ ಸಿಕ್ಕರೆ ನೌಕರರ ಮಕ್ಕಳಿಗೆ ಇಲ್ಲೇ ಸೀಟು, ಅದೂ ಫೀಸಿಲ್ಲದೆ. ಅದೊಂದಕ್ಕೇ ಅವನು ಬಂದಿದ್ದ. ಸಂಬಳ ಎಷ್ಟೆಂದು ಕೇಳಲು ಕೂಡ ಅವನಿಗೆ ನೆನಪಾಗಿರಲಿಲ್ಲ.

ತರಗತಿಯ ಪಕ್ಕದ ಗೋಡೆಗುಂಟ ಮೂರು ಕುರ್ಚಿ ಹಾಕಿದ್ದರು. ನಡುವಿನದರಲ್ಲಿ ಶಾಲೆಯ ಧಣಿ ಹಾಜಿ ಸಲಮೂನಿ, ನೆಲಕ್ಕೆ ಹಾಸುವ ಸಿರಾಮಿಕ್ ಹೆಂಚಿನ ವ್ಯಾಪಾರದಲ್ಲಿ ಬೆಳೆದವರು, ಬೆರಳಲ್ಲಿ ಜಪಮಣಿ ಉರುಳಿಸುತ್ತ ತರಗತಿಯ ನೆಲವನ್ನೇ ಮೆಚ್ಚುಗೆಯಿಂದ ನೋಡುತ್ತಿದ್ದರು. ನೆಲ ಅವರದೇ ಹೆಂಚಿನದು. ಒಂದು ಬದಿಗೆ ಮಿಸ್ ಇಂಗಿ, ಇನ್ನೊಂದು ಬದಿಗೆ ಫೋಟೋದವನು. ಮೊದಲ ಪಾಠ ಹೈಸಮ್‌ನದು. ಅವನ ಮುಖ ಶಾಕಿರ್‌ಗೆ ಗೊತ್ತಿತ್ತು. ಅವರ ಬೀದಿಯ ಮೇಲ್ಸೇತುವೆಯ ಕಂಬಕ್ಕೆಲ್ಲ ಅಂಟಿಸಿದ್ದ ಮುಖ, ತಲೆಯ ಮೇಲೆ ಕಿರೀಟ, ಕೆಳಗೆ 'ಭೌತಶಾಸ್ತ್ರದ ಸುಲ್ತಾನ' ಎಂದು. ಟ್ಯೂಷನ್ ಸೆಂಟರು ನಡೆಸುವವನಿಗೆ ಶಾಲೆಯ ಕೆಲಸ ಏಕೆಂದರೆ, ಪೋಸ್ಟರಿನಲ್ಲಿ ಕಿರೀಟದ ಪಕ್ಕ ಒಂದು ಒಳ್ಳೆಯ ಶಾಲೆಯ ಹೆಸರು ಇದ್ದರೆ ಚೆನ್ನ. ಅವನು ವಕ್ರೀಭವನವನ್ನು ಚಪ್ಪಾಳೆ ತಟ್ಟಿ ಹಾಡಿದ. ಫೋಟೋದವನೂ ತಲೆದೂಗಿದ. ಕೊನೆಗೆ ಹೈಸಮ್, ತಾನು ವಾರಕ್ಕೆ ಒಂದು ದಿನ ಮಾತ್ರ ಬರುತ್ತೇನೆ, ಅದೂ ಡ್ರೈವರ್ ಕಳಿಸಿದರೆ, ಎಂದಾಗ ಹಾಜಿಯವರ ಜಪಮಣಿ ನಿಂತಿತು. ಶಾಕಿರ್ ಮನಸ್ಸಿನ ಪಟ್ಟಿಯಿಂದ ಒಬ್ಬನ ಹೆಸರು ಹೊಡೆದುಹಾಕಿದ.

ಎರಡನೆಯವರು ಎದ್ದರು. ಹಿಂದಿನ ಬೆಂಚಿನಿಂದ ಮೇಜು ಮೇಜು ಹಿಡಿದುಕೊಂಡು ಮುಂದೆ ಬಂದ ಆ ಮುದುಕರು, ದಾಳಿಂಬೆ ಸ್ವೆಟರಿನೊಳಗೆ ಬಡಕಲಾಗಿ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡವರು, ಉಸ್ತಾದ್ ಫಿಕ್ರಿ. ಶುಬ್ರಾದ ಗಂಡುಮಕ್ಕಳ ಹೈಸ್ಕೂಲಿನಲ್ಲಿ ಅವನಿಗೆ ಪಾಠ ಮಾಡಿದವರು. ನಿವೃತ್ತಿಯಾಗಿ ಎಷ್ಟೋ ಕಾಲವಾಗಿರಬೇಕು. ಇವರಿಗೇಕೆ ಈ ಕೆಲಸ, ಎಂದು ಮೊದಲು ಅನ್ನಿಸಿತು. ಆಮೇಲೆ, ಇವರೊಬ್ಬರು ಹೋದರೆ ಉಳಿದವರಲ್ಲಿ ನಾನೇ, ಎಂದು. ಅನ್ನಿಸಿದ ಕೂಡಲೇ ನಾಚಿಕೆಯಾಯಿತು. ನಾಚಿಕೆಯಾದರೂ ಆ ಯೋಚನೆ ಎದ್ದು ಹೋಗಲಿಲ್ಲ, ಪಕ್ಕದಲ್ಲೇ ಕೂತಿತ್ತು. ಉಸ್ತಾದರು ಅವನ ಮುಖವನ್ನೇ ನೋಡಿದರು, ಗುರುತು ಹತ್ತಲಿಲ್ಲ, ಕನ್ನಡಕ ಒರೆಸಿಕೊಂಡರು. ಮೇಜಿನ ಮೇಲಿದ್ದ ಲೋಟಕ್ಕೆ ನೀರು ಸುರಿದರು, ಕೈ ನಡುಗಿ ಅರ್ಧ ನೀರು ಮೇಜಿಗೆ ಹೋಯಿತು, ಹಾಜಿಯವರು ಕೂಡಲೇ ನೆಲ ನೋಡಿದರು. ಕಿವಿಯ ಮೇಲಿನ ಪೆನ್ಸಿಲು ತೆಗೆದು ಲೋಟದೊಳಗೆ ಇಳಿಸಿದರು. ಅದೇ ಪಾಠ. ಶಾಕಿರ್ ಟವೆಲ್ಲಿನಲ್ಲಿ ಸುತ್ತಿ ತಂದದ್ದೂ ಅದೇ ಪಾಠ. ಬೇರೆ ಯಾವ ಪಾಠವೂ ಅವನಿಗೆ ಬರುತ್ತಿರಲಿಲ್ಲ.

"ಹೇಳ್ರಪ್ಪಾ ಮಕ್ಕಳೇ," ಎಂದರು ಉಸ್ತಾದ್ ಫಿಕ್ರಿ, "ಈ ಪೆನ್ಸಿಲ್ ಮುರಿದಿದೆಯಾ?"

ಇಲ್ಲ ಉಸ್ತಾದ್, ಎಂದ ಹೈಸಮ್ ಕೂತಲ್ಲಿಂದಲೇ, ಅದು ವಕ್ರೀಭವನ. ಇನ್ನೊಬ್ಬ ಎದ್ದು ಗಾಳಿಯಲ್ಲಿ ಬೆಳಕಿನ ವೇಗ ಎಷ್ಟು, ನೀರಿನಲ್ಲಿ ಎಷ್ಟು ಎಂದು ಹೇಳಿದ. ಅವನ ಹಿಂದಿನವನು ಬಿಡುತ್ತಾನೆಯೇ, ಕೋನಗಳ ನಿಯಮವನ್ನು ಒಪ್ಪಿಸಿದ. ಎಲ್ಲರೂ ಭೌತಶಾಸ್ತ್ರದ ಮೇಷ್ಟರು. ಧಣಿಯ ಎದುರು ದಡ್ಡನಾಗಿ ಕಾಣಲು ಯಾರಿಗೆ ಇಷ್ಟ. ಉತ್ತರಗಳು ಒಂದರ ಮೇಲೊಂದು ಬಿದ್ದವು, ಒಂದಕ್ಕಿಂತ ಒಂದು ಸರಿ. ಉಸ್ತಾದರು ಪೆನ್ಸಿಲು ಹಿಡಿದುಕೊಂಡೇ ನಿಂತಿದ್ದರು. ಅವರ ಪಾಠಕ್ಕೆ ಒಂದು ತಪ್ಪು ಉತ್ತರ ಬೇಕಿತ್ತು. ಮುರಿದಿದೆ ಎಂದು ಯಾರಾದರೊಬ್ಬ ಹೇಳದಿದ್ದರೆ ಆ ಪಾಠದ ಬಾಗಿಲೇ ತೆರೆಯುವುದಿಲ್ಲ. ಅವರು ಮತ್ತೊಮ್ಮೆ ಕೇಳಿದರು, ಈ ಸಲ ಸಣ್ಣ ದನಿಯಲ್ಲಿ. ತರಗತಿ ಮತ್ತೊಮ್ಮೆ ಸರಿಯಾಗಿ ಹೇಳಿತು. ಮಿಸ್ ಇಂಗಿ ಕೈಗಡಿಯಾರ ನೋಡಿಕೊಂಡಳು.

ಸುಮ್ಮನಿರುವುದು ತಪ್ಪಲ್ಲ, ಎಂದುಕೊಂಡ ಶಾಕಿರ್. ಯಾರೂ ಯಾರನ್ನೂ ತಳ್ಳುತ್ತಿಲ್ಲ, ಮುದುಕರು ತಾವೇ ಬೀಳುತ್ತಿದ್ದಾರೆ. ಲೋಜಿಯ ಜಡೆಯ ಚಿತ್ರ ನೆನಪಾಯಿತು. ಉಸ್ತಾದರ ಆ ಹಳೆಯ ತರಗತಿಯ ಸುಣ್ಣದ ವಾಸನೆಯೂ ನೆನಪಾಯಿತು. ಅವನಾಗ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಕಾಲಿಗೆ ಅಣ್ಣನ ಬೂಟು, ಅದರ ತುದಿಗೆ ಪತ್ರಿಕೆ ತುರುಕಿದ್ದ, ಎದ್ದು ನಿಂತರೆ ಚರಚರ ಸದ್ದು. ಆಗಲೂ ಇದೇ ಪ್ರಶ್ನೆಗೆ ಎಲ್ಲರೂ ಇಲ್ಲ ಇಲ್ಲ ಎಂದು ಕೂಗಿದ್ದರು, ಅಣ್ಣಂದಿರ ಪುಸ್ತಕ ನೋಡಿ ಬಂದವರು. ಅವನೊಬ್ಬನೇ ಎದ್ದು ನಿಂತದ್ದು. ಎಷ್ಟು ನಗು ಎದ್ದಿತೆಂದರೆ ಪಕ್ಕದ ತರಗತಿಯವರು ಬಂದು ಇಣುಕಿದರು. ಆಗ ಉಸ್ತಾದರು ಏನು ಹೇಳಿದ್ದರು ಎಂದು ಅವನು ನೆನಪಿಸಿಕೊಳ್ಳುತ್ತಿರುವಾಗಲೇ ಮೊಣಕಾಲು ನೇರವಾದವು. ಕುಳಿತುಕೋ ಎಂದು ತನಗೆ ತಾನೇ ಬೈದುಕೊಂಡ. ಬಾಯಿ ಅವನ ಮಾತು ಕೇಳಲಿಲ್ಲ.

"ಮುರಿದಿದೆ, ಉಸ್ತಾದ್," ಎಂದ.

ಹಿಂದಿನಿಂದ ಯಾರೋ ಕಿಸಕ್ಕೆಂದರು. ಉಸ್ತಾದ್ ಫಿಕ್ರಿಯವರ ಬೆನ್ನು ನೆಟ್ಟಗಾಯಿತು. ಪೆನ್ಸಿಲನ್ನು ಹೊರಗೆಳೆದು ತೋರಿಸಿದರು, ಇಡಿಯಾಗಿತ್ತು. ಮತ್ತೆ ಇಳಿಸಿದರು, ಮುರಿದಿತ್ತು. ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು, ಕಣ್ಣೋ, ನೀರೋ, ಪೆನ್ಸಿಲೋ, ಎಂದು ಕೇಳಿದರು. ಪೆನ್ಸಿಲ್, ಎಂದ ಶಾಕಿರ್. ಈಗ ಅವನಿಗೆ ತಡೆಯಲಾಗಲಿಲ್ಲ. ಒಂದರ ಹಿಂದೆ ಒಂದು ತಪ್ಪು ಹೇಳಿದ, ಒಳ್ಳೊಳ್ಳೆಯ ತಪ್ಪುಗಳನ್ನು, ಮೆಟ್ಟಿಲು ಮೆಟ್ಟಿಲಾಗಿ. ಪ್ರತಿಯೊಂದರ ಮೇಲೂ ಕಾಲಿಟ್ಟು ಮುದುಕರು ಮೇಲೆ ಹತ್ತಿದರು. ಕಾಲುದಾರಿಯಲ್ಲಿ ಓಡುತ್ತಿದ್ದವನು ಅತಬಾದ ಸಂತೆಯ ಜನಜಂಗುಳಿಗೆ ಓರೆಯಾಗಿ ನುಗ್ಗಿದರೆ ಹೇಗೆ ವೇಗ ತಗ್ಗಿ ದಿಕ್ಕು ಬದಲಿಸುತ್ತಾನೋ, ಬೆಳಕೂ ಹಾಗೆಯೇ ಎಂದರು. ಯಾರೂ ಸುಳ್ಳು ಹೇಳುತ್ತಿಲ್ಲ, ಬೆಳಕು ನೆಟ್ಟಗೇ ಬಂತೆಂದು ಕಣ್ಣು ನಂಬಿದೆ, ಅಷ್ಟೇ, ಎಂದರು. ಹಾಜಿಯವರು ಜಪಮಣಿಯನ್ನು ಜೇಬಿಗಿಟ್ಟು ಲೋಟದ ಹತ್ತಿರ ಬಂದು ಬಗ್ಗಿ ನೋಡಿದರು. ಉಸ್ತಾದರು ಶಾಕಿರ್‌ನತ್ತ ತಿರುಗಿ, ಈ ಹುಡುಗ ಕಂಡದ್ದನ್ನು ಹೇಳಿದ, ನೀವೆಲ್ಲ ಓದಿದ್ದನ್ನು ಹೇಳಿದಿರಿ, ಎಂದರು. ಅಂದು ಹೇಳಿದ ಅದೇ ಮಾತು. ಅದರ ಮುಂದಿನ ಮಾತೂ ಅದೇ: ಬಾ ಮಗಾ, ಮೊದಲ ಬೆಂಚಿಗೆ ಬಾ. ಶಾಕಿರ್ ಹೆಜ್ಜೆ ಎತ್ತಿದ. ಅವನು ಇದ್ದದ್ದೇ ಮೊದಲ ಬೆಂಚಿನಲ್ಲಿ. ಎಲ್ಲಿಗೆ ಹೋಗುವುದೆಂದು ತಿಳಿಯದೆ ಒಂದು ಗಳಿಗೆ ನಿಂತು, ಮತ್ತೆ ಅಲ್ಲೇ ಕೂತ.

ಅವನ ಸರದಿ ಬಂದಾಗ ಮೇಜು ಇನ್ನೂ ಒದ್ದೆಯಾಗಿತ್ತು. ಟವೆಲ್ಲಿನಿಂದ ತನ್ನ ಲೋಟ ತೆಗೆದಿಟ್ಟಾಗ ಮಿಸ್ ಇಂಗಿ, ಮತ್ತೆ ಲೋಟವೇ, ಎಂದಳು. ಮತ್ತೆ ಪೆನ್ಸಿಲೇ. ಸ್ವಂತ ಬಾಯಿಯಿಂದ ಮಗಳ ಬೆಂಚನ್ನು ಎತ್ತಿ ಬೇರೆಯವರಿಗೆ ಕೊಟ್ಟೆನಲ್ಲ ಎಂದು ಶಾಕಿರ್‌ಗೆ ತನ್ನ ಮೇಲೆ ಕೋಪ ಉಕ್ಕುತ್ತಿತ್ತು. ಆ ಕೋಪದಲ್ಲೇ ಕೇಳಿದ, ಇದು ಮುರಿದಿದೆಯೇ ಎಂದು. ತರಗತಿ ಈ ಸಲ ಬಾಯಿಗೆ ಬೀಗ ಹಾಕಿಕೊಂಡಿತ್ತು. ತಪ್ಪು ಹೇಳಿದರೆ ಎದುರಿನವನಿಗೆ ಲಾಭ ಎಂದು ಈಗ ಎಲ್ಲರಿಗೂ ತಿಳಿದಿತ್ತು. ಆಗ ಹಿಂದಿನ ಬೆಂಚಿನಲ್ಲಿ ನಡುಗುವ ಒಂದು ಕೈ ಮೇಲೆದ್ದಿತು. ಉಸ್ತಾದ್ ಫಿಕ್ರಿ. ಶಾಕಿರ್‌ಗೆ ಕಣ್ಣು ತುಂಬಿಬಂತು. ಹೇಳಿ ಉಸ್ತಾದ್, ಹೇಳಪ್ಪಾ, ಎಂದು ತೊದಲಿದ. ಉಸ್ತಾದರು ಸ್ವೆಟರು ಎಳೆದುಕೊಂಡು, ಕೈ ಕಟ್ಟಿಕೊಂಡು ನಿಂತು, ಪೆನ್ಸಿಲು ಮುರಿದಿಲ್ಲವೆಂದೂ, ಏಕೆ ಮುರಿದಿಲ್ಲವೆಂದೂ, ನಿಯಮವನ್ನೂ, ಅದರ ಎರಡು ಉಪನಿಯಮಗಳನ್ನೂ, ನೀರಿನ ಬದಲು ಎಣ್ಣೆ ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನೂ ಒಂದೇ ಉಸಿರಿನಲ್ಲಿ ಹೇಳಿ ಕೂತರು. ಹಾಜಿಯವರು ಚಪ್ಪಾಳೆ ತಟ್ಟಿದರು. ಹೇಳಲು ಶಾಕಿರ್‌ಗೆ ಏನೂ ಉಳಿಯಲಿಲ್ಲ. ಬೋರ್ಡಿನ ಮೇಲೆ ಒಂದು ಗೆರೆ ಎಳೆದ, ಅದನ್ನು ಅಳಿಸಿದ, ಧನ್ಯವಾದ ಹೇಳಿ ಕೆಳಗಿಳಿದ.

ಹೊರಗಿನ ಮೊಗಸಾಲೆಯಲ್ಲಿ ಫಲಿತಾಂಶಕ್ಕೆ ಕಾಯುವಾಗ ಉಸ್ತಾದರು ಪಕ್ಕದಲ್ಲಿ ಬಂದು ನಿಂತು, ಜೇಬಿನಿಂದ ಕಾಗದ ಸುತ್ತಿದ ತಅಮಿಯಾ ವಡೆ ತುಂಬಿದ ರೊಟ್ಟಿ ತೆಗೆದು ಅರ್ಧ ಮುರಿದು ಅವನ ಕೈಗಿಟ್ಟರು. ಮನೆಯಲ್ಲಿ ಸುಮ್ಮನೆ ಕೂರಲಾಗುವುದಿಲ್ಲ, ಬೆಳಗಾದರೆ ಕೈ ತಾನಾಗಿ ಸೀಮೆಸುಣ್ಣ ಹುಡುಕುತ್ತದೆ, ಎಂದರು. ನೀವು ನನಗೆ ಪಾಠ ಮಾಡಿದವರು ಎಂದು ಹೇಳಲು ಶಾಕಿರ್ ಬಾಯಿ ತೆರೆದ, ಬಾಯಲ್ಲಿ ರೊಟ್ಟಿಯಿತ್ತು.

"ನೀನು ನನಗೆ ಸಹಾಯ ಮಾಡ್ದೆ, ಮರೆಯಲ್ಲ," ಎಂದರು ಉಸ್ತಾದರು. "ಅದಕ್ಕೇ ನಿನ್ನ ಪಾಠದಲ್ಲಿ ನಾನೂ ಬಿಡದೆ ಸರಿಯಾಗಿ ಹೇಳ್ದೆ. ನಿನ್ನ ಹುಡುಗ್ರು ಎಷ್ಟು ಚುರುಕು ಅಂತ ಅವರಿಗೆ ಗೊತ್ತಾಗ್ಲಿ ಅಂತ."

ಶಾಕಿರ್ ಅಗಿಯುವುದನ್ನು ನಿಲ್ಲಿಸಿದ. ಮುದುಕರ ಮುಖದಲ್ಲಿ ಲವಲೇಶವೂ ಕಪಟವಿರಲಿಲ್ಲ. ಇದ್ದಿದ್ದರೆ ಸಲೀಸಾಗುತ್ತಿತ್ತು. ರೊಟ್ಟಿ ನುಂಗಿ, ಬಹಳ ಉಪಕಾರವಾಯಿತು, ಎಂದ.

ಹಾಜಿಯವರ ಕೋಣೆಗೆ ಅವನನ್ನು ಕರೆದದ್ದು ಎಲ್ಲರಿಗಿಂತ ಕೊನೆಗೆ. ಗೋಡೆಯ ಮೇಲೆ ಪುಸ್ತಕಗಳ ಬದಲು ಹೆಂಚಿನ ಮಾದರಿಗಳು ಸಾಲಾಗಿದ್ದವು. ಭೌತಶಾಸ್ತ್ರದ ಕೆಲಸವನ್ನು ಉಸ್ತಾದ್ ಫಿಕ್ರಿಗೆ ಕೊಟ್ಟಿದ್ದೇವೆ, ಬಿಳಿ ಕೂದಲು ಫೋಟೋದಲ್ಲಿ ಚೆನ್ನಾಗಿ ಬಂದಿದೆ, ಎಂದಳು ಮಿಸ್ ಇಂಗಿ. ಶಾಕಿರ್ ಎದ್ದು ಸ್ವೆಟರು ಬಿಚ್ಚಲು ತೊಡಗಿದ. ಇರಲಿ ಇರಲಿ, ಕೂರು, ಎಂದು ಹಾಜಿಯವರು ಕೈ ಎತ್ತಿದರು. ಮಗಳಿಗೋ ಮಗನಿಗೋ ಸೀಟು ಕೇಳಿಕೊಂಡು ಬರುವ ತಂದೆತಾಯಂದಿರಿಗೆ ಶಾಲೆ ಸುತ್ತಿಸಿ ತೋರಿಸುತ್ತೇವೆ. ಪರೀಕ್ಷಿಸಲು ಅಧಿಕಾರಿಗಳು ಬರುತ್ತಾರೆ. ಕೊನೆಯ ವರ್ಷದ ಕೋಣೆಯ ಬಾಗಿಲು ತೆಗೆದರೆ ಬರೀ ಬೆಂಚು, ಮರ್ಯಾದೆ ಹೋಗುತ್ತದೆ, ಎಂದರು. ಬೆಂಚಿನ ಮೇಲೆ ಯಾರಾದರೂ ಬೇಕಲ್ಲ. ಹಿಂದೆ ಅಂಗಡಿಯ ಹುಡುಗರನ್ನು ಕೂರಿಸಿ ನೋಡಿದ್ದರಂತೆ, ನಿದ್ದೆ ಹೊಡೆದುಬಿಟ್ಟರಂತೆ. ಶಾಕಿರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ತಾನು ಪದವೀಧರನೆಂದೂ, ಇಷ್ಟು ವರ್ಷ ಪಾಠ ಮಾಡಿದವನೆಂದೂ ಹೇಳಿದ. ದನಿ ಅವನಿಗೇ ದೂರು ಹೇಳುವ ಹುಡುಗನದಂತೆ ಕೇಳಿಸಿತು.

"ಅದಕ್ಕೇ ನೀನು ಬೇಕು ಮಗಾ," ಎಂದರು ಹಾಜಿ, ಅಕ್ಕರೆಯಿಂದ. "ನಿಜವಾದ ಹುಡುಗ್ರಿಗೆ ಯಾವುದು ತಪ್ಪು ಅಂತ ಗೊತ್ತಿರಲ್ಲ, ಬಾಯಿತಪ್ಪಿ ಸರಿ ಹೇಳಿಬಿಡ್ತಾರೆ. ಗೊತ್ತಿಲ್ಲದೇ ಇರೋದ್ರಲ್ಲಿ ನಿನ್ನಷ್ಟು ಪಳಗಿದವನನ್ನ ನಾನು ನೋಡಿಲ್ಲ."

ದಿನಾ ಮೀಸೆ ಬೋಳಿಸಬೇಕು, ಎಂದಳು ಮಿಸ್ ಇಂಗಿ. ಬಂದವರಿಗೆ ಹೊರಗೆ ಹೋಗುವವರೆಗೆ ಗುಟ್ಟು ತಿಳಿಯಬಾರದು. ಶಾಕಿರ್ ಹೆಂಚುಗಳನ್ನು ನೋಡಿದ. ಎದ್ದು ಬಾಗಿಲು ದಢಾರನೆ ಹಾಕಿಕೊಂಡು ಹೋಗುವ ಒಬ್ಬ ಶಾಕಿರ್ ಅವನ ಕಣ್ಣೆದುರು ಸ್ಪಷ್ಟವಾಗಿ ಎದ್ದು ಹೋದ, ಮೆಟ್ಟಿಲಿಳಿದ, ಗೇಟು ದಾಟಿದ. ಕುರ್ಚಿಯಲ್ಲಿ ಉಳಿದವನು ಕೇಳಿದ: ನೌಕರರ ಮಕ್ಕಳಿಗೆ ಸೀಟು ಅಂತ ಇದೆಯಲ್ಲ, ಅದು ನನಗೂ ಸಿಗುತ್ತದೆಯೇ? ನೌಕರ ಎಂದ ಮೇಲೆ ನೌಕರ, ಮೇಷ್ಟ್ರಾದರೇನು ಹುಡುಗನಾದರೇನು, ಎಂದರು ಹಾಜಿ. ಮೊದಲ ಬೆಂಚು ಬೇಕು, ಎಂದ ಶಾಕಿರ್. ಈ ಮಾತನ್ನು ಅವನು ಎಷ್ಟು ಗಟ್ಟಿಯಾಗಿ ಹೇಳಿದನೆಂದರೆ ಮಿಸ್ ಇಂಗಿ ಬೆಚ್ಚಿದಳು.

"ಯಾರಿಗೆ, ನಿನಗಾ?" ಎಂದರು ಹಾಜಿ.

"ಅವಳಿಗೆ."

"ಇಬ್ಬರೂ ಕೂತ್ಕೊಳ್ಳಿ," ಎಂದು ಹಾಜಿಯವರು ಧಾರಾಳವಾಗಿ ಕೈ ಬೀಸಿದರು.

ಶುಬ್ರಾಗೆ ಹೋಗುವ ಮೈಕ್ರೋಬಸ್ಸಿನಲ್ಲಿ ಅವನು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಸ್ವೆಟರನ್ನು ಲೋಟಕ್ಕೆ ಸುತ್ತಿದ್ದ, ಟವೆಲ್ಲು ಎಲ್ಲೋ ಬಿಟ್ಟುಹೋಗಿತ್ತು. ಹಿಂದಿನವರು ದಾಟಿಸಿದ ಚಿಲ್ಲರೆಯನ್ನು ಮುಂದಿನವರಿಗೆ ದಾಟಿಸಿದ. ನಗ್ಲಾಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಹತ್ತು ಥರ ಜೋಡಿಸಿಕೊಂಡ. ಬಾಗಿಲು ತೆಗೆದ ಕೂಡಲೇ ಅವಳು ಮುಖ ನೋಡಿ, ಸಿಕ್ತಾ, ಎಂದು ಕೇಳಿದಳು. ಸಿಕ್ತು, ಎಂದ. ಅದು ಸುಳ್ಳಲ್ಲ. ಲೋಜಿಗೆ ಸೀಟು, ಎಂದ. ಅದೂ ಸುಳ್ಳಲ್ಲ. ನಗ್ಲಾ ಕಿಟಕಿಗೆ ಓಡಿ, ಬೀದಿಯ ಕಡೆ ಮುಖ ಮಾಡಿ, ನಾಲಿಗೆ ಮಡಿಸಿ ಮದುವೆಮನೆಯ ಹೆಂಗಸರ ಹಾಗೆ ಲುಲುಲು ಎಂದು ಉಲಿಯೆಬ್ಬಿಸಿದಳು. ಎದುರುಮನೆಯವರು, ಕೆಳಮನೆಯ ಕಸಾಯಿಯ ಹೆಂಡತಿ, ಎಲ್ಲರೂ ಕಿಟಕಿಗೆ ಬಂದು ದನಿಗೂಡಿಸಿದರು. ನಮ್ಮ ಮೇಷ್ಟ್ರು ಈಗ ದೊಡ್ಡ ಮೇಷ್ಟ್ರು, ಎಂದು ಕಸಾಯಿ ಕೆಳಗಿನಿಂದ ಕೂಗಿದ. ಅಷ್ಟು ಸಂತೋಷವನ್ನು ನಗ್ಲಾಳ ಮುಖದಲ್ಲಿ ಶಾಕಿರ್ ಕಂಡು ಎಷ್ಟೋ ಕಾಲವಾಗಿತ್ತು. ಅವನಿಗೂ ಸಂತೋಷವಾಯಿತು, ಬೇರೆ ಯಾರಿಗೋ ಬಂದ ಉಡುಗೊರೆಯನ್ನು ತೆರೆದು ನೋಡಿದವನಿಗೆ ಆಗುವಂಥದ್ದು.

ಶಾಲೆಯ ವಾರ ಶುರುವಾಗುವ ಭಾನುವಾರ ಬೆಳಗ್ಗೆ ಅವನು ಲೋಜಿಯ ಕೈ ಹಿಡಿದು ದೀಪಸ್ತಂಭದ ಗೇಟಿನ ಹತ್ತಿರ ಬಂದಾಗ, ಆ ಬದಿಯಿಂದ ಉಸ್ತಾದ್ ಫಿಕ್ರಿ ಹೊಸ ಕೋಟು ತೊಟ್ಟು, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು ಬರುತ್ತಿದ್ದರು. ಶಾಕಿರ್‌ನನ್ನು ನೋಡಿ ನಿಂತರು. ಈಗ ಗುರುತು ಹತ್ತಿತೋ ಏನೋ ಎಂದು ಅವನು ಕಾದ. ಬೋಳಿಸಿದ ಮೀಸೆಯ ಜಾಗವನ್ನೇ ದಿಟ್ಟಿಸಿ, ತಡ ಮಾಡಬೇಡ, ಗಂಟೆ ಹೊಡೆಯುತ್ತಾರೆ, ಎಂದು ಹೇಳಿ ಒಳಗೆ ಹೋದರು. ಲೋಜಿ ಹೊಸ ಸ್ವೆಟರಿನ ದೀಪಸ್ತಂಭವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅವನ ಚೀಲದ ಬಾಯಿಂದ ಅದೇ ಬಣ್ಣದ ತೋಳೊಂದು ಹೊರಗೆ ಇಣುಕುತ್ತಿತ್ತು. ಅದನ್ನು ಹಿಡಿದು ಎಳೆದಳು. ಎಳೆದಂತೆಲ್ಲ ಸ್ವೆಟರು ಬಂತು, ದೊಡ್ಡದು, ಎದೆಯ ಮೇಲೆ ಅದೇ ದೀಪಸ್ತಂಭ. ನಿಂದೂ ಇದೆ, ಎಂದಳು ಬೆರಗಿನಿಂದ. ಇದೆ, ಎಂದ. ಗೇಟಿನ ಮುಂದೆಯೇ, ಕೋಟು ಬಿಚ್ಚಿ, ತೋಳು ತೂರಿಸಿದ. ಬೆನ್ನ ಹೊಲಿಗೆ ಯಾರಿಗೆ ಬೇಕಾದರೂ ಕಾಣಲಿ ಎನ್ನಿಸಿತು.

"ನೀನು ಎಲ್ಲಿ ಕೂರ್ತೀಯ ಬಾಬಾ?"

"ಮೊದಲ ಬೆಂಚು."

ಲೋಜಿ ನಡೆಯುವುದನ್ನು ನಿಲ್ಲಿಸಿದಳು. ಮೊದಲ ಬೆಂಚು ಹೇಗೆ ಸಿಗುತ್ತದೆಂದು ಅವಳಿಗೆ ಗೊತ್ತಿತ್ತು. ಕಸಾಯಿಯ ಹೆಂಡತಿ ಆಚೆ ಹಾರಿದ್ದನ್ನು ಅವಳು ಅಪ್ಪನ ಕೈ ಹಿಡಿದು ನಿಂತು ನೋಡಿದ್ದಳು.

"ಗೋಡೆ ಹತ್ತಿದ್ಯಾ?"

"ಹತ್ತಿದೆ," ಎಂದ ಶಾಕಿರ್.

ಮಗು ಅವನ ಅಂಗೈಯನ್ನು ತಿರುಗಿಸಿ ಗೀರು ಬಿದ್ದಿದೆಯೇ ಎಂದು ಹತ್ತಿರದಿಂದ ನೋಡಿತು. ಏನೂ ಕಾಣದಿದ್ದರೂ ಒಂದು ಸಲ ಊದಿತು. ಒಳಗೆ ಗಂಟೆ ಹೊಡೆಯಿತು. ಇಬ್ಬರೂ ಓಡಿದರು.